ಕೋಳಿ ಕದ್ದವನೂ ರಸ್ತೆ ನುಂಗಿದವನೂ

ಅಮೆರಿಕದ ಲಾಂಗ್ ಬೀಚ್ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ನೆನಿತಾ ಫಿಲಿಪೀನ್ಸ್‌ನ ಸೆಬುವಿನವರು. ಅವರ ಸೆಬುವಾನೊ ಭಾಷೆಯಲ್ಲಿ ‘ಕವತ್’ ಅಂದರೆ ಕದಿಯುವುದಂತೆ. ಕೊನೆಗೆ ‘ಆನ್’ ಸೇರಿಸಿದರೆ ‘ಕವತಾನ್’, ಅಂದರೆ ಕಳ್ಳ.

“ರಸ್ತೆ ದುಡ್ಡು ನುಂಗಿದ ಮಂತ್ರಿಗೆ ಏನಂತೀರಿ?” ಎಂದೆ.

“ಅವನೂ ಕವತಾನೇ. ಕೋಳಿ ಕದ್ದವನಿಗಿಲ್ಲದ ಮರ್ಯಾದೆ ಅವನಿಗ್ಯಾಕೆ?”

ಆ ವಾರವೇ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ನಿರೂಪಣೆ ನನ್ನದು. ಮುಖ್ಯ ಅತಿಥಿ, ನಮ್ಮೂರ ರಸ್ತೆ ದುಡ್ಡು ನುಂಗಿದ್ದ ಆ ಮಾಜಿ ಮಂತ್ರಿಯೇ.

“‘ಕೊಡುಗೈ ದಾನಿ’ ಅಂತ ಓದ್ಬಿಡಪ್ಪ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ,” ಎಂದರು ಸಂಘದ ಅಧ್ಯಕ್ಷರು.

“ಬೇಕಾದ್ರೆ ಕಳ್ಳ ಅಂತ ಓದ್ತೀನಿ, ಅಂಕಲ್.”

ಮೈಕ್ ಕಿತ್ತುಕೊಂಡು ನನ್ನನ್ನು ಪಾರ್ಕಿಂಗ್ ಡ್ಯೂಟಿಗೆ ಹಾಕಿದರು. ಮುಖ್ಯ ಅತಿಥಿಗಳ ಕಾರು ಬಂದಾಗ ಬಾಗಿಲ ಹತ್ತಿರವೇ ಜಾಗ ಖಾಲಿಯಿತ್ತು. ನಾನು ಕೈ ತೋರಿಸಿದ್ದು ಕಟ್ಟಕಡೆಯ ಮೂಲೆಗೆ. ನಡೆದು ಬರಲಿ, ಇಲ್ಲಿ ರಸ್ತೆ ಚೆನ್ನಾಗಿದೆ.