ಶಾಲು ಹೊದ್ದ ವಿಮಾನ

ರಕ್ತದೊತ್ತಡ ಏರಿದೆ, ಮನಸ್ಸು ಹಗುರಾಗುವಂಥ ಹವ್ಯಾಸ ಹಿಡಿಯಿರಿ ಎಂದು ಕೊಪ್ಪದ ಡಾಕ್ಟರು ಹೇಳಿದ ಮೇಲೆ ನಾನು ವಿಮಾನ ಕಟ್ಟಲು ಕೂತೆ. ರಿಮೋಟಿನಲ್ಲಿ ಹಾರುವ ಮರದ ವಿಮಾನ. ಪೆಟ್ಟಿಗೆಯಲ್ಲಿ ಕತ್ತರಿಸಿಟ್ಟ ಬಾಲ್ಸಾ ತುಂಡುಗಳು ಬರುತ್ತವೆ. ಉಗುರು ತಾಗಿದರೆ ಗೀರು ಬೀಳುವಷ್ಟು ಮೆದು ಮರ. ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಪಕ್ಕೆಲುಬಿನಂಥ ಪಟ್ಟಿಗಳನ್ನು ಒಂದೊಂದಾಗಿ ನಿಲ್ಲಿಸಿ, ಗುಂಡುಸೂಜಿ ಚುಚ್ಚಿ, ಅಂಟು ಹಾಕಿ ಕಾಯಬೇಕು. ಆ ಕಾಯುವುದರಲ್ಲೇ ಸುಖವಿತ್ತು. ನಾನು ಸಿಡುಕುವುದನ್ನೇ ಬಿಟ್ಟಿದ್ದೇನೆಂದು ಹೆಂಡತಿ ನಮ್ಮೂರು ಬಾಳಗಡಿಗೆಲ್ಲ ಹೇಳಿಕೊಂಡು ಬಂದಳು.

ಆ ಚಳಿಗಾಲದಲ್ಲಿ ಮುತ್ತಿನಕೊಪ್ಪದಿಂದ ಅವಳ ಅಣ್ಣ ಬಂದರು. ಕೊಪ್ಪದಲ್ಲಿ ಯಾವುದೋ ಸಂಘದವರು ಅವರಿಗೆ ರೇಷ್ಮೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಊಟಕ್ಕೆ ಕೂತಾಗಲೂ ಅದು ಹೆಗಲಿನಿಂದ ಇಳಿಯಲಿಲ್ಲ. ಬೆಳಿಗ್ಗೆ ಸ್ನಾನಕ್ಕೆ ತಾವೇ ಹಂಡೆಗೆ ಬೆಂಕಿ ಹಾಕಿಕೊಂಡರು. ಮಂಜಿಗೆ ಅಂಟು ಒಣಗದೆಂದು ನಾನು ವಿಮಾನದ ರೆಕ್ಕೆಯನ್ನು ಬಚ್ಚಲೊಲೆಯ ಪಕ್ಕ ಗೋಡೆಗೆ ಒರಗಿಸಿಟ್ಟಿದ್ದೆ. ಒದ್ದೆ ಚಪ್ಪಲಿಯಿಂದ ಕಂಬಳಿಯವರೆಗೆ ನಾವು ಒಣಗಿಸುವುದೆಲ್ಲ ಅಲ್ಲಿಯೇ ತಾನೆ.

ನಾನು ನೋಡುವಷ್ಟರಲ್ಲಿ ಅವರ ಸ್ನಾನ ಮುಗಿದಿತ್ತು. ಒಲೆಯ ಬಾಯಿಂದ ರೆಕ್ಕೆಯ ಒಂದು ತುದಿ ಮಾತ್ರ ಕರಕಲಾಗಿ ಹೊರಗೆ ಚಾಚಿತ್ತು. ಕುಕ್ಕರಗಾಲಿನಲ್ಲಿ ಕೂತು ಅದನ್ನು ಎಳೆದೆ, ಕೈಯಲ್ಲೇ ಪುಡಿಯಾಯಿತು.

ಭಾವ ತಲೆ ಒರೆಸಿಕೊಳ್ಳುತ್ತ ನಿಂತಿದ್ದರು. “ಒಣ ಚಕ್ಕೆ ಅಂತ ಮಾಡಿದ್ದೆ ಮಾರಾಯ್ರೆ. ಆದ್ರೂ ನೀರು ಎಷ್ಟು ಬೇಗ ಕಾಯ್ತು ಅಂತೀರಿ.”

ಹೇಳಿ ನಕ್ಕರು. ಸುಟ್ಟಿದ್ದನ್ನು ಕ್ಷಮಿಸುತ್ತಿದ್ದೆನೋ ಏನೋ, ಆ ನಗುವನ್ನು ಕ್ಷಮಿಸಲಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ತಿಂಡಿ ತಿನ್ನುವಾಗ ತಂಗಿಗೂ ಅದನ್ನೇ ಹೇಳಿ ಇನ್ನೊಮ್ಮೆ ನಕ್ಕರು. ಆಮೇಲೆ ಬಸ್ಸಿನ ಅವಸರದಲ್ಲಿ ಶಾಲನ್ನು ನಮ್ಮ ಗೂಟದಲ್ಲೇ ಮರೆತು ಹೋದರು.

ಸಂಜೆಯೇ ಫೋನು ಬಂತು. “ಶಾಲು ಜೋಪಾನ ಮಾರಾಯ್ರೆ.”

“ಜೋಪಾನವಾಗಿದೆ ಭಾವ,” ಎಂದೆ.

ಹೊಸ ಬಾಲ್ಸಾ ತರಿಸಿ, ನಕ್ಷೆ ನೋಡಿ ಪಟ್ಟಿಗಳನ್ನು ನಾನೇ ಕೊಯ್ದೆ. ಪ್ರತಿ ಪಟ್ಟಿಗೂ ಭಾವನ ಮುಖವನ್ನು ನೆನೆದೆ. ರೆಕ್ಕೆಯ ಹಂದರ ಆದ ಮೇಲೆ ಅದಕ್ಕೆ ಹೊದಿಕೆ ಬೇಕು. ಹಿಂದೆ ಇಂಥ ವಿಮಾನ ಕಟ್ಟುತ್ತಿದ್ದವರು ತೆಳು ರೇಷ್ಮೆ ಎಳೆದು ಕೂರಿಸಿ, ಮೇಲೆ ವಾರ್ನಿಷ್ ಬಳಿಯುತ್ತಿದ್ದರಂತೆ. ನಾನು ಗೂಟದಿಂದ ಶಾಲು ತೆಗೆದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಕತ್ತರಿಯನ್ನು ಕಸಿದುಕೊಳ್ಳಲಿಲ್ಲ. ಜರಿಯಂಚು ಭಾರವೆಂದು ಕಿತ್ತೆಸೆದೆ. ರೆಕ್ಕೆಯ ಎರಡು ತುದಿಗೂ ಬೆರಳಗಲ ಜರಿ ಮಾತ್ರ ಉಳಿಸಿದೆ. ಗುರುತು ಸಿಗಬೇಕಲ್ಲ.

ಬೇಸಿಗೆಯಲ್ಲಿ ಭಾವನ ಮನೆಯಲ್ಲಿ ದೇವರಕಾರ್ಯ. “ನೆಂಟರೆಲ್ಲ ಬರ್ತಾರೆ, ಶಾಲು ಮರೀಬೇಡಿ,” ಎಂದರು. ಮರೆಯಲಿಲ್ಲ.

ಅವರ ಒಣಗಿದ ಗದ್ದೆಯಲ್ಲಿ ವಿಮಾನ ಓಡಿ ಮೇಲೆದ್ದಿತು. ನೆಂಟರು ಅಂಗಳದಿಂದ ಇಳಿದು ಬಂದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಭಾವನೇ. ಒಂದು ಸುತ್ತು ಹೊಡೆಸಿ ಅವರ ಮುಂದೆಯೇ ತಲೆಯ ಮಟ್ಟಕ್ಕೆ ತಗ್ಗಿಸಿ ಹಾರಿಸಿದೆ. ಬಿಸಿಲಿಗೆ ಜರಿ ಮಿನುಗಿತು. ಚಪ್ಪಾಳೆ ನಿಂತಿತು.

“ಅದು ನನ್ನ ಶಾಲು ಅಲ್ದಾ?”

“ಹೌದಾ? ಹಳೇ ಬಟ್ಟೆ ಅಂತ ಮಾಡಿದ್ದೆ ಭಾವ.”

“ಇಳಿಸಿ,” ಎಂದರು. ನಾನು ಇನ್ನೂ ಎತ್ತರಕ್ಕೆ ಏರಿಸಿದೆ. “ಆದ್ರೂ ಎಷ್ಟು ಚಂದ ಹಾರ್ತದೆ ನೋಡಿ.” ನೆಂಟರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಬ್ಯಾಟರಿ ಮುಗಿಯುತ್ತ ಬಂದಾಗ ಇಳಿಸಿದೆ. ಭಾವ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ರೆಕ್ಕೆಯ ತುದಿಯ ಜರಿಯನ್ನು ಉಗುರಿನಿಂದ ಎಬ್ಬಿಸಲು ನೋಡಿದರು. ವಾರ್ನಿಷ್ ಬಿಡಲಿಲ್ಲ. ನಾನು ಒಲೆಯ ಮುಂದೆ ಹೀಗೆಯೇ ಕೂತಿದ್ದೆ. ಪಾಪ ಅನ್ನಿಸೀತೆಂದು ಸ್ವಲ್ಪ ಹೊತ್ತು ಕಾದೆ. ಅನ್ನಿಸಲಿಲ್ಲ. ಒಳಗೆ ಎಲೆ ಹಾಕಿದ್ದರು. ಹೋಗಿ ಕೂತೆ, ಪಾಯಸವನ್ನು ಕೇಳಿ ಮತ್ತೆ ಹಾಕಿಸಿಕೊಂಡೆ.