ಮೊದಲ ತಟ್ಟೆ

ಚಿತ್ರಪಟ ಕೈಯಲ್ಲಿ ಇಲ್ಲದಿದ್ದರೆ ಕಮಲಕ್ಕ ನೆಂಟರ ಮನೆಯಲ್ಲೂ ಬಾಯಿ ಬಿಡುವುದಿಲ್ಲ ಎಂದು ಗಂಡ ಕಾಟಪ್ಪ ಕಂಡಕಂಡವರಿಗೆ ಹೇಳುತ್ತಾನೆ. ಶುದ್ಧ ಸುಳ್ಳು. ಆಕೆ ಬಾಯಿ ಮುಚ್ಚಿದ್ದನ್ನು ದಾವಣಗೆರೆಯ ಅಂಚಿನಲ್ಲಿ ಅವರಿರುವ ಇಡೀ ಆವರಗೆರೆಯಲ್ಲಿ ಯಾರೂ ಕಂಡಿಲ್ಲ.

ದಿನಾ ಬೆಳಿಗ್ಗೆ ದಾವಣಗೆರೆಯಿಂದ ಬಸ್ಸು ಹಿಡಿದು ಹರಿಹರಕ್ಕೆ ಹೋಗುವುದು, ಅಲ್ಲಿ ಹೊಳೆಯ ಕಡೆಯ ಓಣಿಗಳಲ್ಲಿ ಬಸುರಿ ಬಾಣಂತಿಯರನ್ನು ಕೂಡಿಸಿಕೊಂಡು, ಚಿತ್ರಪಟದ ಪುಟ ಮಗುಚುತ್ತ ಏನು ಉಣ್ಣಬೇಕೆಂದು ಹೇಳಿಕೊಡುವುದು, ಇದು ಒಂದು ಸಂಸ್ಥೆ ಆಕೆಗೆ ವಹಿಸಿದ ಕೆಲಸ. ಒಂದು ಪುಟದಲ್ಲಿ ಸೊಪ್ಪು, ಇನ್ನೊಂದರಲ್ಲಿ ಮೊಳಕೆಕಾಳು, ಮತ್ತೊಂದರಲ್ಲಿ ಮೊಟ್ಟೆ. ಆದರೆ ಕಮಲಕ್ಕನ ಜೀವವೆಲ್ಲ ಕೊನೆಯ ಪುಟದಲ್ಲಿ. ಅದರಲ್ಲಿ ಒಬ್ಬ ಬಸುರಿ ತುಂಬಿದ ತಟ್ಟೆಯ ಮುಂದೆ ರಾಣಿಯ ಹಾಗೆ ಕೂತಿದ್ದಾಳೆ. ಮನೆಯವರೆಲ್ಲ ಹಿಂದೆ ನಿಂತು ನಗುತ್ತಿದ್ದಾರೆ. ಕೆಳಗೆ ದಪ್ಪಕ್ಷರದಲ್ಲಿ, ‘ಮೊದಲ ತಟ್ಟೆ ಬಸುರಿಗೆ’.

“ನಗಾಕತ್ತಾರ ನೋಡ್ರಿ, ಆಕಿ ಮಾವ, ಗಂಡ. ಇಂಥಾ ಮನಿ ಯಾವೂರಾಗೈತ್ರಿ?” ಎಂದು ಆ ಓಣಿಯ ಹಂಪವ್ವ ಪ್ರತಿ ಸಲವೂ ಕೇಳುತ್ತಿದ್ದಳು.

ಈ ಹಂಪವ್ವನ ಸೊಸೆ ಸುಧಾ ಏಳು ತಿಂಗಳ ಬಸುರಿ. ಮೈಯಲ್ಲಿ ರಕ್ತ ಕಡಿಮೆ. ಹೀಗೇ ಇದ್ದರೆ ಹೆರಿಗೆಯ ಹೊತ್ತಿಗೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ ಎಂದು ನರ್ಸ್ ಆಶಾರಾಣಿ ಮುಖ ಸಣ್ಣ ಮಾಡಿಕೊಂಡು ಹೇಳಿ ಹೋಗಿದ್ದಳು. ಹಾಗಂತ ಹಂಪವ್ವ ಕೆಟ್ಟ ಅತ್ತೆಯಲ್ಲ. ಆಕೆಯ ಕೈಯ ಮೆಂತ್ಯದ ಪಲ್ಯ ಉಂಡವರು ಬೆರಳು ನೆಕ್ಕುತ್ತಾರೆ. ತೊಡಕು ಇದ್ದದ್ದು ಬಡಿಸುವ ಸರದಿಯಲ್ಲಿ. ದೇವರ ಎಡೆ ಮೊದಲು, ಆಮೇಲೆ ಗಂಡಸರು, ಆಮೇಲೆ ಮಕ್ಕಳು, ಎಲ್ಲರದೂ ಮುಗಿದ ಮೇಲೆ ಹೆಂಗಸರು. ಸುಧಾಳ ಸರದಿ ಬರುವಷ್ಟರಲ್ಲಿ ಪಲ್ಯದ ಬೋಗುಣಿಯಲ್ಲಿ ಒಗ್ಗರಣೆಯ ಸಾಸಿವೆ ಮಾತ್ರ ಉಳಿದಿರುತ್ತಿತ್ತು. ಕಮಲಕ್ಕ ಬೈದಳು, ರಮಿಸಿದಳು, ಕೊನೆಯ ಪುಟವನ್ನು ಹಂಪವ್ವನ ಮೂಗಿನ ಹತ್ತಿರ ಹಿಡಿದಳು. ಹಂಪವ್ವ ಕೊಡವಿಕೊಂಡು ಎದ್ದು ಹೋದಳು.

ಹೀಗಿರುವಾಗ ಆಶಾರಾಣಿ ಮತ್ತೆ ರಕ್ತ ಪರೀಕ್ಷೆಗೆ ಓಣಿಗೆ ಬಂದಳು. ಸೂಜಿ ಕಂಡದ್ದೇ ತಡ, ಸುಧಾ ಎರಡೂ ಕೈಯನ್ನು ಸೆರಗಿನೊಳಗೆ ಹುದುಗಿಸಿದಳು. ಧೈರ್ಯ ಹೇಳುವ ಕೆಲಸವೆಂದರೆ ಕಮಲಕ್ಕನಿಗೆ ಹಬ್ಬ.

“ಏ ಹುಡುಗಿ, ಇರುವೆ ಕಡಿದಂಗಾಗ್ತತಿ ಅಷ್ಟ! ಇಲ್ನೋಡು, ನನಗ ಚುಚ್ಚಲಿ ಮೊದ್ಲು,” ಎಂದು ತನ್ನ ಬೆರಳನ್ನೇ ಮುಂದೆ ಚಾಚಿದಳು.

ಚುಚ್ಚಿದ್ದಾಯಿತು. ಸುಧಾ ಧೈರ್ಯ ತಂದುಕೊಂಡು ಬೆರಳು ಕೊಟ್ಟದ್ದೂ ಆಯಿತು. ಆಶಾರಾಣಿ ಕೈಯಲ್ಲಿದ್ದ ಯಂತ್ರವನ್ನು ನೋಡಿದಳು, ಒರೆಸಿ ಇನ್ನೊಮ್ಮೆ ನೋಡಿದಳು.

“ಕಮಲಕ್ಕಾ, ನಿಮ್ಮದು ಈ ಬಸುರಿಗಿಂತ ಕಮ್ಮಿ ಐತಲ್ರಿ!”

ಅಯ್ಯೋ ದೇವರೇ, ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಂಪವ್ವನಂತೂ ಕಟ್ಟೆಯ ಮೇಲೆ ಕೂತೇಬಿಟ್ಟಳು.

“ಬೆಳಿಗ್ಗೆಯಿಂದ ಏನ್ ಉಂಡೀರಿ, ಹೇಳ್ರಿ ಮತ್ತ?” ಎಂದು ಕೂತಲ್ಲಿಂದಲೇ ಕೇಳಿದಳು.

ಕಮಲಕ್ಕನ ಬಾಯಿಗೆ ಅಂದು ಬೀಗ ಬಿತ್ತು. ಕಾಟಪ್ಪ ಕೆಲಸ ಮಾಡುವುದು ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ. ಮನೆಯಲ್ಲಿ ಮಂಡಕ್ಕಿಗೆ ಬರವಿಲ್ಲ. ಗಂಡನಿಗೆ, ಮಗ ಗಣೇಶನಿಗೆ ರೊಟ್ಟಿ ಪಲ್ಯ ಕಟ್ಟಿಕೊಟ್ಟು ಓಡುವ ಕಮಲಕ್ಕ ಬಸ್ಸಿನಲ್ಲಿ ಎರಡು ಮುಷ್ಟಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರೆ ಊಟ ಮುಗಿಯಿತು. ರಾತ್ರಿ ಎಲ್ಲರದೂ ಆದ ಮೇಲೆ ಉಳಿದದ್ದು. ಹಂಪವ್ವನ ಮನೆಯಲ್ಲಿ ನಡೆಯುವುದೇ ಆಕೆಯ ಮನೆಯಲ್ಲೂ ನಡೆಯುತ್ತಿತ್ತು. ಚಿತ್ರಪಟ ಮಾತ್ರ ಹೆಚ್ಚಿಗೆ ಇತ್ತು.

“ಒಂದ್ ಮಾತು ಕೇಳ್ರಿ,” ಎಂದಳು ಹಂಪವ್ವ, ಕಣ್ಣೊರೆಸಿಕೊಂಡು. “ನಿಮ್ಮನ್ಯಾಗ ನೀವು ಎಲ್ಲಾರಿಗಿಂತ ಮೊದ್ಲು ಕುಂತು ಉಣ್ರಿ. ನಾನು ಕಣ್ಣಾರೆ ನೋಡಬೇಕು. ಅವತ್ತಿಂದ ಸುಧಾಗೂ ಮೊದ್ಲ ಬಡಸ್ತೀನಿ. ಇಲ್ಲಾಂದ್ರ ಆ ಪಟ ಹೊಳೀಗೆ ಬಿಡ್ರಿ.”

ಹಂಪವ್ವ ಮಾತು ಕೊಟ್ಟರೆ ತಪ್ಪುವವಳಲ್ಲ. ಸುಧಾ ಕಮಲಕ್ಕನ ಮುಖವನ್ನೇ ನೋಡುತ್ತಿದ್ದಳು.

ಅಂದು ಸಂಜೆ ಕಮಲಕ್ಕ ಮೆಂತ್ಯದ ಪಲ್ಯ, ಹೆಸರುಕಾಳು ಮಾಡಿ ರೊಟ್ಟಿ ಬಡಿದಳು. ತಟ್ಟೆಗೆ ಬಡಿಸಿಕೊಂಡಳು. ಕೂರಲು ಹೋದರೆ ಮಂಡಿ ಬಗ್ಗಲೊಲ್ಲದು. ನೂರು ಜನರ ಮುಂದೆ ಗಂಟಲು ಹರಿದುಕೊಳ್ಳುವವಳಿಗೆ ತನ್ನ ಅಡುಗೆಮನೆಯಲ್ಲಿ ನಾಚಿಕೆ! ಕಡೆಗೂ ಕೂತಳು.

ಕೈಕಾಲು ತೊಳೆದು ಬಂದ ಕಾಟಪ್ಪ ಹೊಸ್ತಿಲಲ್ಲೇ ನಿಂತ.

“ಏನಾತೇ? ಮೈಗೆ ಆರಾಮಿಲ್ಲೇನು? ಗಣೇಶಾ, ಆಟೋ ಕರಿಯೋ!”

“ಆರಾಮ್ ಅದೀನಿ. ಹಸಿವಾಗೈತಿ, ಉಣ್ಣಾಕತ್ತೀನಿ,” ಎಂದಳು ಕಮಲಕ್ಕ. ಹೇಳುತ್ತಿದ್ದಂತೆ ಬಾಯಲ್ಲಿ ತುತ್ತು ಇಟ್ಟುಕೊಂಡೇ ಅಳು ಬಂತು. ಬಿಸಿ ರೊಟ್ಟಿ ಉಂಡು ಎಷ್ಟು ವರ್ಷವಾಗಿತ್ತೋ ಆಕೆಗೇ ನೆನಪಿರಲಿಲ್ಲ. ಕಾಟಪ್ಪ ಏನೂ ತೋಚದೆ ನೀರಿನ ತಂಬಿಗೆ ತಂದು ಪಕ್ಕದಲ್ಲಿಟ್ಟ.

ಅಷ್ಟರಲ್ಲಿ, ಕಮಲಕ್ಕ ನಂಬರು ಕೊಟ್ಟು ಬಂದಿದ್ದ ಗಣೇಶನ ಮೊಬೈಲಿಗೆ ಹರಿಹರದಿಂದ ವಿಡಿಯೊ ಕಾಲ್ ಬಂತು. ತೆರೆಯ ತುಂಬ ಹಂಪವ್ವನ ಮೂಗು.

“ತಟ್ಟಿ ತೋರಸು. ಹ್ಞಾಂ, ಪಲ್ಯ ಐತಿ, ಕಾಳು ಐತಿ. ಅಳಬ್ಯಾಡ ಹುಚ್ಚಿ, ಉಣ್ಣು,” ಎಂದಳು. ರೀ ಹಚ್ಚುವುದನ್ನು ಆಗಲೇ ಬಿಟ್ಟಿದ್ದಳು. “ಇಕಾ, ನಾನೂ ಮಾತು ಉಳಿಸ್ಕೊಂಡೀನಿ, ನೋಡು.”

ಮೊಬೈಲು ಆ ಕಡೆ ತಿರುಗಿತು. ಸುಧಾ ತುಂಬಿದ ತಟ್ಟೆಯ ಮುಂದೆ ಕೂತಿದ್ದಳು. ಹಿಂದೆ ಗಂಡ, ಮಾವ ನಿಂತಿದ್ದರು. ಚಿತ್ರದಲ್ಲಿದ್ದವರಂತೆ ನಗುತ್ತಿರಲಿಲ್ಲ, ಹಸಿದಿದ್ದರು.

ಕಮಲಕ್ಕ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಕೇಳಿದಳು, “ಹಂಪವ್ವಾ, ನಿಮ್ಮ ತಟ್ಟಿ ಎಲ್ಲೈತ್ರಿ?”

ಹಂಪವ್ವನ ದನಿ ಮಾತ್ರ ಬಂತು.

“ನಂದೇನು ಬಿಡು, ಕಡೀಗೆ ಆಗ್ತತಿ. ನಿನ್ನ ಪಟದಾಗೂ ಅತ್ತೀಗೆ ತಟ್ಟಿ ಇಲ್ಲಲ್ಲ.”

ಕಮಲಕ್ಕ ಮನಸ್ಸಿನಲ್ಲೇ ಒಂದೊಂದು ಪುಟವನ್ನೂ ಮಗುಚಿ ನೋಡಿದಳು. ನಿಜ, ಇರಲಿಲ್ಲ. ಆಗ ಮೊಬೈಲಿನಲ್ಲಿ ಸುಧಾ ತುಂಬಿದ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಎದ್ದದ್ದು ಕಂಡಿತು. ತಟ್ಟೆಗಳ ಸದ್ದು ಕೇಳಿತು.

“ಅತ್ತಿ, ಫೋನ್ ಇಡ್ರಿ ಅತ್ಲಾಗ,” ಎಂದಳು ಸುಧಾ. “ಇಲ್ಲಿ ಬರ್ರಿ, ನನ್ನ ಬಾಜು ಕೂಡ್ರಿ.”