ಹುಳುಮನೆಯ ಗೋಡೆಗೆ ನಿಂತ ಪಿಕಪ್ಪು

ಎರ್ರಪ್ಪನ ಪಿಕಪ್ಪು ಅಂದೂ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಶಿಡ್ಲಘಟ್ಟದ ಶೆಡ್ಡಿಗೆ ಬಂತು. ಮೆಕ್ಯಾನಿಕ್ ವೆಂಕಟರವಣಪ್ಪ ಒಳಗೆ ಕೂತು ಕೀ ತಿರುಗಿಸಿದ. ಅರ್ಧ ಸೆಲ್ಫ್‌ಗೇ ಇಂಜಿನ್ ಎದ್ದಿತು. ಆರಿಸಿ ಮತ್ತೆ ತಿರುಗಿಸಿದ. ಮತ್ತೂ ಎದ್ದಿತು.

"ನನ್ನ ಮುಂದೆ ಎಷ್ಟು ಮರ್ಯಾದಸ್ಥ ನೋಡು ನಿನ್ನ ಗಾಡಿ," ಎಂದ.

"ಬೆಳಿಗ್ಗೆ ಬಂದು ನೋಡು ಮಾವ. ಆರು ಜನ ತಳ್ಳಬೇಕು. ಮೊನ್ನೆ ಹರಾಜು ಮುಗಿದ ಮೇಲೆ ರೇಷ್ಮೆಗೂಡು ಮಾರ್ಕೆಟ್ಟಿಗೆ ಮುಟ್ಟಿಸ್ದೆ. ಇನ್ನೊಂದ್ಸಲ ಹಿಂಗಾದ್ರೆ ಗೂಡಿನೋರು ಆಂಜನಪ್ಪನ ಟೆಂಪೋಗೆ ಹೇಳ್ತಾರಂತೆ."

ಅದು ೧೯೯೧ರ ಜನವರಿ. ಎರ್ರಪ್ಪ ಗಾಡಿ ತಂದದ್ದು ಅದು ನಾಲ್ಕನೇ ಸಲ. ವೆಂಕಟರವಣಪ್ಪ ಸುಟ್ಟಿದ್ದ ಒಂದು ಹೀಟರ್ ಪ್ಲಗ್ ಬದಲಾಯಿಸಿದ್ದ, ಡೀಸೆಲ್ ಫಿಲ್ಟರ್ ಹೊಸದು ಹಾಕಿದ್ದ, ಬ್ಯಾಟರಿಯ ಮೂತಿಗೆ ಹಿಡಿದಿದ್ದ ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ತೊಳೆದಿದ್ದ. ಬ್ಯಾಟರಿ ತುಂಬಿಯೇ ಇತ್ತು. ಹನ್ನೆರಡು ಕಿಲೋಮೀಟರ್ ಓಡಿ ಬಿಸಿಯಾಗಿ ಬಂದ ಇಂಜಿನ್ನಿನಲ್ಲಿ ಚಳಿಯ ರೋಗ ಸಿಗುವುದಿಲ್ಲ. ಅದನ್ನು ನೋಡಬೇಕಾದರೆ ಗಾಡಿ ಮಲಗಿದ ಜಾಗಕ್ಕೇ, ಅದು ಏಳುವ ಮುಂಚೆ ಹೋಗಬೇಕು.

ಗಾಡಿ ಮಲಗುತ್ತಿದ್ದದ್ದು ಜಂಗಮಕೋಟೆಯಲ್ಲಿ, ಎರ್ರಪ್ಪನ ತಾಯಿ ಓಬಳಮ್ಮನ ಮನೆಯ ಪಕ್ಕದಲ್ಲಿ. ಅವಳು ವೆಂಕಟರವಣಪ್ಪನ ಅಕ್ಕ. ಆ ಮನೆಗೆ ಅವನು ಕಾಲಿಟ್ಟು ಒಂಬತ್ತು ವರ್ಷವಾಗಿತ್ತು.

ತಾಯಿ ಸತ್ತಾಗ ಅವನಿಗೆ ಐದು ವರ್ಷ. ಮದುವೆಯಾಗಿ ಹೊರಟ ಅಕ್ಕ ತಮ್ಮನನ್ನೂ ಜೊತೆಗೆ ಕರೆದುಕೊಂಡೇ ಗಂಡನ ಮನೆ ಸೇರಿದ್ದಳು. ಮಗಳು ಶ್ಯಾಮಲಮ್ಮ ಹುಟ್ಟಿದ ದಿನವೇ "ಇವಳು ನಮ್ಮ ರವಣನಿಗೆ" ಎಂದಿದ್ದಳು. ಊರಿನಲ್ಲಿ ಅದೇ ರೂಢಿ, ಯಾರಿಗೂ ವಿಶೇಷ ಅನ್ನಿಸಲಿಲ್ಲ. ಆದರೆ ಸೊಂಟದ ಮೇಲೆ ಹೊತ್ತು ತಿರುಗಿದ ಮಗುವನ್ನು ಮದುವೆಯಾಗಲಾರೆ ಎಂದು ಅವನು ಇಪ್ಪತ್ತೆಂಟನೇ ವಯಸ್ಸಿನಲ್ಲಿ ಹೇಳಿದ. ಅದೂ ಅಕ್ಕನಿಗಲ್ಲ, ನೆಂಟರೊಬ್ಬರ ಕೈಲಿ ಹೇಳಿ ಕಳಿಸಿದ. ಶ್ಯಾಮಲಮ್ಮ ತೊಂಡೇಬಾವಿಗೆ ಸೊಸೆಯಾಗಿ ಹೋಗಿ ಚೆನ್ನಾಗಿಯೇ ಇದ್ದಳು. ಅಕ್ಕ ಮಾತ್ರ ಮಾತು ಬಿಟ್ಟಳು.

"ತಣ್ಣಗಿರೋವಾಗ ನೋಡ್ಬೇಕು ಕಣೋ," ಎಂದ ವೆಂಕಟರವಣಪ್ಪ. "ನಿಮ್ಮಮ್ಮನ್ನ ಕೇಳು."

ಮಾರನೇ ದಿನ ಉತ್ತರ ಬಂತು. "ಗಾಡಿ ನೋಡೋರು ಗಾಡಿ ನೋಡ್ಕೊಂಡು ಹೋಗ್ಲಿ ಅಂದ್ಲು."

ಇದು ಕರೆಯೋ ಅಲ್ಲವೋ ಎಂದು ಅವನು ಸಂಜೆವರೆಗೂ ತೂಗಿದ. ಮರುದಿನ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು, ಮಂಜಿನಲ್ಲಿ ಮೊಪೆಡ್ ಓಡಿಸಿಕೊಂಡು ಹೋದ.

ಪಿಕಪ್ಪು ರೇಷ್ಮೆ ಸಾಕುವ ಹುಳುಮನೆಯ ಗೋಡೆಗೆ ಒರಗಿದ ಹಾಗೆ ನಿಂತಿತ್ತು. ಕೀ ಮುಟ್ಟಬೇಡ ಎಂದು ಎರ್ರಪ್ಪನಿಗೆ ಹೇಳಿ, ಬಾನೆಟ್ ಎತ್ತಿ, ಬ್ಯಾಟರಿಯ ನೀರನ್ನು ಚಾರ್ಜ್ ಅಳೆಯುವ ಗಾಜಿನ ಕೊಳವೆಗೆ ಎಳೆದು ನೋಡಿದ. ಶೆಡ್ಡಿನಲ್ಲಿ ನೋಡಿದಾಗ ತೇಲುತ್ತಿದ್ದ ಅದರೊಳಗಿನ ಬುರುಡೆ ಈಗ ತಳ ಸೇರಿತ್ತು. ತಾನೇ ತೊಳೆದಿದ್ದ ಸೀಸದ ಮೂತಿಯ ಮೇಲೆ ಕ್ಲಿಪ್ಪಿನ ಹಲ್ಲು ಕಚ್ಚಿದ ಹೊಸ ಗುರುತು ಇತ್ತು. ಕತ್ತೆತ್ತಿದರೆ ಹುಳುಮನೆಯ ಕಿಟಕಿ ಸರಳಿಗೆ ಎರಡೆಳೆ ವೈರು ಸುತ್ತಿಟ್ಟಿತ್ತು.

"ರಾತ್ರಿ ಇದನ್ನ ಯಾರೋ ಕುಡೀತಾವ್ರೆ," ಎಂದ.

ಒಳಗಿನಿಂದ ಓಬಳಮ್ಮನ ದನಿ ಬಂತು. "ಎರ್ರಾ, ರಾತ್ರಿ ಕರೆಂಟು ಎಲ್ಲಿರತ್ತೆ ಅಂತ ಕೇಳು ಅವರನ್ನ. ಹುಳ ಪೊರೆ ಬಿಟ್ಟು ಜ್ವರದಿಂದ ಎದ್ದೈತೆ, ಹೊತ್ತೊತ್ತಿಗೆ ಸೊಪ್ಪು ಹಾಕ್ಬೇಕು. ಕಣ್ಣು ಕಾಣ್ಬೇಡ್ವಾ? ಗಾಡಿ ಹೆಂಗೂ ಸುಮ್ನೆ ನಿಂತಿರತ್ತೆ."

"ಅಮ್ಮಾ, ನೀನು ಹೇಳೇ ಇಲ್ವಲ್ಲ."

"ಯಾರು ಕೇಳಿದ್ರು?"

ವೆಂಕಟರವಣಪ್ಪ ಎರ್ರಪ್ಪನ ಕಡೆಯೇ ನೋಡುತ್ತ ಹೇಳಿದ. "ಬೇಸಿಗೇಲಿ ಉಳಿದಷ್ಟು ಕರೆಂಟಲ್ಲೇ ಎದ್ದೇಳತ್ತೆ ಅಂತ ಹೇಳು. ಚಳೀಲಿ ಆಯಿಲ್ಲು ಪಾಕದಂಗೆ ಗಟ್ಟಿಯಾಗಿರತ್ತೆ, ಹೀಟರ್‌ಗೂ ಕರೆಂಟು ಬೇಕು, ಸೆಲ್ಫ್‌ಗೆ ಎರಡರಷ್ಟು ಬೇಕು. ಬಲ್ಬ್ ಯಾವುದು ಕೇಳು."

"ಅವನೇ ಬಿಚ್ಚಿ ಎಸೆದಿದ್ದ ಹೆಡ್‌ಲೈಟ್ ಬಲ್ಬು ಅಂತ ಹೇಳು," ಎಂದಳು ಓಬಳಮ್ಮ.

"ನಾನೇನು ಪೋಸ್ಟ್‌ಮ್ಯಾನಾ?" ಎಂದ ಎರ್ರಪ್ಪ. "ಇಬ್ರೂ ಎರಡು ಮಾರು ದೂರದಲ್ಲಿ ನಿಂತ್ಕೊಂಡವ್ರೆ."

ವೆಂಕಟರವಣಪ್ಪ ಬಾಗಿಲ ಬಳಿಗೆ ಹೋಗಿ ನಿಂತ. ಬ್ಯಾಟರಿ ಹೀರುತ್ತಿದ್ದ ಆ ದೊಡ್ಡ ಬಲ್ಬ್ ಬದಲಾಯಿಸಬೇಕಿತ್ತು. ಆದರೆ ಹುಳು ಇರುವಾಗ ಹೊರಗಿನವರನ್ನು ಹುಳುಮನೆಗೆ ಬಿಡುವುದಿಲ್ಲ, ರೋಗ ತರುತ್ತಾರೆಂದು. ಮನೆಯವರಿಗಷ್ಟೇ ಪ್ರವೇಶ. ಅದು ಅವನಿಗೂ ಗೊತ್ತು; ಬೇರೆ ಊರಿನವರನ್ನು ಇದೇ ಬಾಗಿಲಲ್ಲಿ ತಡೆದು ನಿಲ್ಲಿಸುವ ಕೆಲಸ ಚಿಕ್ಕಂದಿನಲ್ಲಿ ಅವನದೇ ಆಗಿತ್ತು.

ಓಬಳಮ್ಮ ಎರಡು ತಟ್ಟೆಗೆ ಸೊಪ್ಪು ಹರಡಿ ಮುಗಿಸಿದಳು.

"ಎರ್ರಾ, ಕಾಲು ತೊಳ್ಕೊಂಡು ಸುಣ್ಣ ತುಳ್ಕೊಂಡು ಬರಕ್ಕೇಳು."

ತೊಟ್ಟಿಯ ನೀರು ಕೊರೆಯುತ್ತಿತ್ತು. ಅವನು ಎರಡು ಸಲ ತೊಳೆದುಕೊಂಡ. ಒಳಗೆ ಹಸಿ ಸೊಪ್ಪಿನ, ಇದ್ದಿಲಿನ ವಾಸನೆ. ಆ ತಟ್ಟೆಗಳ ಸಾಲಿನ ಕೆಳಗೆ ಅಕ್ಕನ ಪಕ್ಕ ಗೋಣಿಚೀಲದ ಮೇಲೆ ಅವನು ಎಷ್ಟೋ ಚಳಿಗಾಲ ಮಲಗಿದ್ದ. ಬೆನ್ನು ಹಾಕಿ ನಿಂತಿದ್ದ ಅಕ್ಕನ ಜಡೆ ಬೆಳ್ಳಗಾಗಿ ಸಣ್ಣದಾಗಿತ್ತು. ಕನ್ನಡಕ ಯಾವಾಗ ಬಂತೋ ಅವನಿಗೆ ತಿಳಿಯದು.

ಎರ್ರಪ್ಪ ಗಾಡಿ ತಳ್ಳಲು ಜನ ಕರೆಯಹೋದ. ಮಾತು ದಾಟಿಸುವವರು ಇಲ್ಲವಾದರು. ವೆಂಕಟರವಣಪ್ಪ ಜೇಬಿನಿಂದ ಸಣ್ಣ ಇಂಡಿಕೇಟರ್ ಬಲ್ಬ್ ತೆಗೆದು ತೂಗುಹಾಕಿ, ವೈರಿನ ತುದಿಗಳನ್ನು ತನ್ನ ಚೀಲದಲ್ಲಿದ್ದ ಟೆಸ್ಟಿಂಗ್ ಬ್ಯಾಟರಿಗೆ ತಗುಲಿಸಿದ. ಅವಳ ಕೈ ಮೇಲೆ ಮಂದ ಬೆಳಕು ಬಿತ್ತು. ಸಾಕಾ ಎಂದು ಕೇಳಬೇಕಿತ್ತು. ಅವಳನ್ನು ಏನೆಂದು ಕರೆದು ಮಾತು ಶುರು ಮಾಡಬೇಕೋ ತೋಚದೆ ನಿಂತ.

ಓಬಳಮ್ಮ ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಸಾಕು," ಎಂದಳು.

ಹೊರಗೆ ಯಾರೋ ತೆಲುಗಿನಲ್ಲಿ "ತೊಯ್ಯಂಡ್ರಾ", ತಳ್ಳಿರೋ, ಎಂದರು. ಗಾಡಿ ಉರುಳಿತು, ಕೆಮ್ಮಿತು, ಎದ್ದಿತು. ಮಾರ್ಕೆಟ್ಟಿಗೆ ಇನ್ನೂ ಹೊತ್ತಿತ್ತು.

ವೆಂಕಟರವಣಪ್ಪ ಹುಳುಮನೆಗೆ ಹಳೆಯ ಬ್ಯಾಟರಿಯೊಂದನ್ನು ಬೇರೆಯಾಗಿಯೇ ಕೊಡುವುದೆಂದು ಆಯಿತು. ಪಿಕಪ್ಪಿಗೆ ಆಮೇಲೆ ಯಾರೂ ವೈರು ಹಾಕಲಿಲ್ಲ. ಹುಳು ಗೂಡು ಕಟ್ಟುವುದರೊಳಗೆ ಆ ಬ್ಯಾಟರಿಯನ್ನು ಒಮ್ಮೆ ಶಿಡ್ಲಘಟ್ಟಕ್ಕೆ ಒಯ್ದು ಚಾರ್ಜ್ ಮಾಡಬೇಕಿತ್ತು. ಶನಿವಾರ ಎರ್ರಪ್ಪನಿಗೆ ಪೆರೇಸಂದ್ರಕ್ಕೆ ಬಾಡಿಗೆ ಇದ್ದುದರಿಂದ, ಅದನ್ನು ತೆಗೆದುಕೊಂಡು ಹೋಗಲು ವೆಂಕಟರವಣಪ್ಪನೇ ಜಂಗಮಕೋಟೆಗೆ ಹೋದ.